ಚಂಪಿ ಹೊಲಿದ ಅರ್ಧ ತೊಟ್ಟಿಲು

ಸೂಜಿಯನ್ನು ಮೊದಲು ನನ್ನ ಕೈಗೆ ಕೊಡು, ಕೂಸೇ; ಸೂಜಿ ಹಾಸಿಗೆಯಲ್ಲಿಟ್ಟುಕೊಂಡು ಮಲಗುವವರಿಗೆ ನಾನು ಕತೆ ಹೇಳುವುದಿಲ್ಲ. ದಿಂಬಿನ ಹಳೆಯ ಅರಿವೆ ಇರಲಿ, ತಲೆಯ ಕೆಳಗೆ ಇಟ್ಟುಕೋ. ಅದರ ಮೇಲೆ ಹಾಕಿದ ಕಸೂತಿಯ ಗೆರೆ ತುಂಬಿ ಬರಲಿಲ್ಲ, ಚುಕ್ಕಿ ಚುಕ್ಕಿಯಾಗಿ ನಿಂತಿತು, ಅಂಗಡಿಯ ಬಣ್ಣದ ದಾರದ ಡಬ್ಬಿ ತಂದುಕೊಟ್ಟರೆ ಮಾತ್ರ ಬರುತ್ತದೆ ಅಂತ ಸಂಜೆಯಿಂದ ಅಳುತ್ತಿದ್ದೆಯಲ್ಲ, ಆ ಗೆರೆಯದೇ ಕತೆ ಇದು. ಕಣ್ಣು ಮುಚ್ಚು, ಹೂಂಗುಟ್ಟುತ್ತಾ ಕೇಳು.

ಒಂದಾನೊಂದು ಕಾಲದಲ್ಲಿ, ಹೆಂಗಸರು ಸೂಜಿಯನ್ನು ಬಂಗಾರದ ಹಾಗೆ ಜೋಪಾನ ಮಾಡುತ್ತಿದ್ದ ಕಾಲದಲ್ಲಿ, ಹೊಳೆಯ ದಂಡೆಯ ಒಂದು ಊರಿನಲ್ಲಿ ಮಲಕಪ್ಪ ಅಂತ ಒಬ್ಬ ಇದ್ದನಂತೆ. ಪುಂಡಿಯ ಕಡ್ಡಿಗಳನ್ನು ನೀರಲ್ಲಿ ಕೊಳೆಹಾಕಿ, ನಾರು ಸುಲಿದು, ಹಗ್ಗ ಹೊಸೆಯುವುದು ಅವನ ಕಸುಬು. ಅವನಿಗೆ ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳು ರಾಚವ್ವ, ಸಣ್ಣವಳು ಚಂಪಿ. ಚಂಪಿ ಇನ್ನೂ ತೊಟ್ಟಿಲಲ್ಲಿ ಇದ್ದಾಗಲೇ ತಾಯಿ ತೀರಿಹೋದಳಂತೆ, ಆಮೇಲೆ ಚಂಪಿಗೆ ತಲೆ ಬಾಚಿದವಳು, ರೊಟ್ಟಿ ಮುರಿದು ಹಾಲಲ್ಲಿ ನೆನೆಸಿ ಉಣಿಸಿದವಳು, ಜ್ವರ ಬಂದಾಗ ಹಣೆಯ ಮೇಲೆ ಒದ್ದೆ ಬಟ್ಟೆ ಇಟ್ಟು ಕೂತವಳು ಎಲ್ಲ ರಾಚವ್ವನೇ. ಆಮೇಲೆ ರಾಚವ್ವನಿಗೆ ಮದುವೆಯಾಗಿ, ಹೊಳೆಯ ಆಚೆ ಊರಿನ ದೊಡ್ಡ ಮನೆಗೆ ಸೊಸೆಯಾಗಿ ಹೋದಳಂತೆ, ಹೋಗಿ ಮರುವರ್ಷ ಬಸುರಿಯಾದಳಂತೆ.

ಬಸುರಿಯಾದವಳಿಗೆ ತವರಿನವರು ಸೀಮಂತಕ್ಕೆ ಕುಬಸ, ಅಂದರೆ ರವಿಕೆಯ ಬಟ್ಟೆ, ಒಯ್ಯುವುದು ಉಂಟಲ್ಲ? ಆ ದೊಡ್ಡ ಮನೆಯಲ್ಲಿ ಅದಕ್ಕೆ ಒಂದು ಕಟ್ಟಳೆ ಇತ್ತಂತೆ. ಕುಬಸದ ತುಂಡಿನ ಮೇಲೆ ತವರಿನ ಹೆಣ್ಣೇ ಕೈಯಾರೆ ಕಸೂತಿ ಹಾಕಿರಬೇಕು. ಹಾಕಿ ತಂದರೆ ಸೊಸೆ ಹೆರಿಗೆಗೆ ತವರಿಗೆ ಹೋಗಬಹುದು, ತರದಿದ್ದರೆ ಅಲ್ಲೇ ಇರಬೇಕು. ಅಲ್ಲೇ ಇರುವುದು ಅಂದರೆ ನೋವು ಬರುವವರೆಗೆ ನೀರು ಹೊರುವುದು, ಬೀಸುವುದು, ಕುಟ್ಟುವುದು. ಹಿರಿಯ ಸೊಸೆ ಬೀಸುವ ಕಲ್ಲಿನ ಪಕ್ಕದಲ್ಲೇ ಹೆತ್ತಿದ್ದಳಂತೆ, ಕೂಸು ಉಳಿದಿರಲಿಲ್ಲವಂತೆ. ಆ ಕಟ್ಟಳೆಯನ್ನು ಮಾಡಿದವರು ಯಾರೋ ನನಗೆ ತಿಳಿಯದು. ಮಾಡಿದವರು ಹೆತ್ತವರಲ್ಲ ಅನ್ನುವುದಷ್ಟು ತಿಳಿಯುತ್ತದೆ.

ಒಂದು ದಿನ ಉಪ್ಪು ಮಾರುವವಳು ಹೊಳೆ ದಾಟಿ ಬಂದವಳೇ ಚಂಪಿಯನ್ನು ಹಿತ್ತಿಲಿಗೆ ಕರೆದು, ನಿಮ್ಮಕ್ಕ ಒಂದು ಮಾತು ಹೇಳ್ಯಾಳವ್ವ ಅಂದಳಂತೆ. ಏನಂತ ಅಂದರೆ, ನನಗ ಅಂಜಿಕಿ ಆಗ್ತದ, ನನ್ನ ಬಂದು ಕರಕೊಂಡು ಹೋಗು ಅಂತ. ಅಷ್ಟೇ. ಎಂದೂ ಏನನ್ನೂ ಕೇಳದ ಅಕ್ಕ ಅದೊಂದು ಕೇಳಿದ್ದಳು, ಚಂಪಿಗೋ ಸೂಜಿ ಹಿಡಿದೇ ಗೊತ್ತಿರಲಿಲ್ಲ. ಕುಬಸಕ್ಕೆ ಎರಡು ಹುಣ್ಣಿಮೆ ಉಳಿದಿದ್ದವಂತೆ.

ಆಮೇಲೆ ಚಂಪಿ ಕಸೂತಿ ಕಲಿಯೋಣ ಅಂತ ಊರ ನಡುವಿನ ದೊಡ್ಡ ಜಗಲಿಗೆ ಹೋದಳಂತೆ. ಮಧ್ಯಾಹ್ನದ ಹೊತ್ತು ಊರಿನ ಉಳ್ಳವರ ಮನೆಯ ಹೆಂಗಸರು ಅಲ್ಲಿ ಕೂತು ಗೋಪುರ, ನವಿಲು, ಆನೆ ಅಂತ ಸೀರೆಯ ಸೆರಗಿಗೆ ಹಾಕುತ್ತಿದ್ದರಂತೆ. ಅವರಲ್ಲಿ ಮೂವರು ಇವಳ ಕಡೆ ತಿರುಗಿದರಂತೆ. ಒಬ್ಬಳು, ಕಲೀಬೇಕಂದ್ರ ಮೊದಲ ರೇಷ್ಮಿ ದಾರ ತೊಗೊಂಬಾ ಅಂದಳಂತೆ. ಇನ್ನೊಬ್ಬಳು, ದಾರ ಇದ್ರ ಆತೇನು, ನಮ್ಮ ಹತ್ರ ಇರೋವಂಥಾ ಸಣ್ಣ ಸೂಜಿ ಬೇಕು, ಅದು ಈ ಊರಾಗ ಸಿಗಂಗಿಲ್ಲ ಅಂದಳಂತೆ. ಮೂರನೆಯವಳು, ಅರಿವಿ ನಯ ಇರಬೇಕವ್ವ, ಗೋಣಿಚೀಲದ ಮ್ಯಾಲೆ ನವಿಲು ಕುಣಿಯಂಗಿಲ್ಲ ಅಂದಳಂತೆ, ಜಗಲಿಗೆ ಜಗಲಿಯೇ ನಕ್ಕಿತಂತೆ. ಆಮೇಲೆ ಅವಳ ಕೈ ಹಿಡಿದು ತಿರುಗಿಸಿ ನೋಡಿ, ನಾರು ಸುಲಿದ ಕೈ ಇದು, ರೇಷ್ಮಿ ಮುಟ್ಟಿದ್ರ ಎಳಿ ಎಳಿ ಎದ್ದು ಬರ್ತದ, ಮ್ಯಾಲೆ ಹತ್ತಬ್ಯಾಡ, ಕೆಳಗೇ ನಿಂದ್ರು ಅಂದರಂತೆ.

ಕಲಿಸುವ ಮನಸ್ಸಿಲ್ಲದವರು ಮೊದಲು ಸಾಮಾನು ಹೇಳುತ್ತಾರೆ, ಕೂಸೇ. ಹಾಗೆ ಹೇಳಿದರೆ ಅವರು ಇಲ್ಲ ಅಂದಂತೆಯೂ ಆಗುವುದಿಲ್ಲ, ನಿನಗೆ ವಿದ್ಯೆ ಕೊಟ್ಟಂತೆಯೂ ಆಗುವುದಿಲ್ಲ.

ಚಂಪಿ ಅಳಲಿಲ್ಲವಂತೆ. ಅಲ್ಲಿಂದ ನೇರ ಊರ ಅಂಚಿನಲ್ಲಿ ಹಳೆ ಬಟ್ಟೆಯ ಕೌದಿ ಹೊಲಿಯುವ ಫಕೀರವ್ವನ ಗುಡಿಸಲಿಗೆ ಹೋಗಿ, ಯವ್ವಾ, ಒಂದು ಸೂಜಿ ಕೊಡ್ತೀಯೇನ ಅಂದಳಂತೆ. ಫಕೀರವ್ವ ತನ್ನ ತುರುಬಿನಿಂದ ಒಂದು ಹಳೆಯ ಸೂಜಿ ತೆಗೆದು, ಇದರ ಮೂತಿ ಸವದದ, ಕೌದಿಯೊಳಗ ಇಳಿಯಂಗಿಲ್ಲ, ಮೂತಿ ಸವದ ಮುದುಕಿ ಹತ್ರ ಮೂತಿ ಸವದ ಸೂಜಿ ಅಂತ ಇಟಗೊಂಡೀನಿ, ಕಡ ಅಂತ ತೊಗೊ, ಕೆಲಸ ಆದ ಮ್ಯಾಲೆ ತಂದುಕೊಡು ಅಂದಳಂತೆ. ನನಗೂ ಕಸೂತಿ ಬರಂಗಿಲ್ಲ, ಹಂಗಾಗಿ ಬಯ್ಯಾಕೂ ಬರಂಗಿಲ್ಲ ಅಂತ ನಕ್ಕಳಂತೆ.

ಆಮೇಲೆ ನೇಕಾರರ ಓಣಿಯಲ್ಲಿ ಮಾಚಣ್ಣನ ಮಗ್ಗದ ಮುಂದೆ ಹೋಗಿ ನಿಂತಳಂತೆ. ಹಾಸು, ಅಂದರೆ ಉದ್ದದ ನೂಲು, ಮುಗಿಯುವ ಹೊತ್ತಿಗೆ ಮಗ್ಗದಲ್ಲಿ ಒಂದು ಗಿಡ್ಡ ತುಂಡು ಉಳಿಯುತ್ತದೆ, ಅದನ್ನು ಯಾರೂ ಕೊಳ್ಳುವುದಿಲ್ಲ. ಮಾಚಣ್ಣ ಅಂಥದ್ದೊಂದನ್ನು, ಕಪ್ಪು ನೀಲಿಯದ್ದು, ದಪ್ಪ ಎಳೆಯದ್ದು, ಜಾಡಿಸಿ ಅವಳ ಕೈಗೆ ಕೊಟ್ಟು, ಎಳಿ ದಪ್ಪ ಅದಾವು ಅಂತ ಬ್ಯಾಸರ ಮಾಡ್ಕೋಬ್ಯಾಡವ್ವ, ಕಸೂತಿಗೆ ಎಳಿ ಎಣಿಸಬೇಕು, ಇವನ್ನ ಕತ್ತಲಾಗೂ ಎಣಿಸಬಹುದು ಅಂದನಂತೆ.

ದಾರ ಎಲ್ಲಿಂದ ತರುವುದು? ಆ ಸಂಜೆ ಮಲಕಪ್ಪ ಹಗ್ಗ ಹೊಸೆಯುವುದನ್ನು ನಿಲ್ಲಿಸಿ, ಒಳಗೆ ಹೋಗಿ, ಗಂಟಿನಲ್ಲಿ ಕಟ್ಟಿಟ್ಟಿದ್ದ ಹೆಂಡತಿಯ ಸೀರೆಯನ್ನು ತಂದು ಮಗಳ ಮುಂದೆ ಇಟ್ಟನಂತೆ. ಸೀರೆ ಹರಿದು ಜಾಳಾಗಿತ್ತು, ಕೆಂಪು ಸೆರಗು ಮಾತ್ರ ಇನ್ನೂ ಕೆಂಪಗಿತ್ತು. ಅಪ್ಪ, ಇದನ್ನ ಹರಿಯೋದ ಬ್ಯಾಡ ಅಂದಳಂತೆ ಚಂಪಿ. ಹರಿಯೋದಲ್ಲ, ಎಳಿ ತಗಿ, ಆಕಿ ಇದ್ದಿದ್ರ ಆಕಿನೇ ಹೊಲೀತಿದ್ದಳು ಅಂದನಂತೆ ಅಪ್ಪ.

ಆದರೆ ಹಳೆಯ ಎಳೆ, ಗೇಣುದ್ದಕ್ಕೆ ತುಂಡಾಗುತ್ತದೆ. ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ, ಒಳಗೂ ಹೊರಗೂ ಒಂದೇ ಸಮ ಕಾಣಬೇಕು, ಇಷ್ಟು ಚಂಪಿಗೂ ಗೊತ್ತಿತ್ತಂತೆ. ಆಗ ಮಲಕಪ್ಪ, ಹಗ್ಗಕ್ಕೂ ನಾವು ಗಂಟು ಹಾಕಂಗಿಲ್ಲ ಮಗಳ, ಗಂಟು ಇದ್ದ ಹಗ್ಗ ಬಾವಿ ಗಡಗಡಿಯೊಳಗ ಸಿಗಬೀಳ್ತದ ಅಂತ ಹೇಳಿ, ಎರಡು ಎಳೆಗಳ ತುದಿಯ ಹುರಿ ಬಿಚ್ಚಿ, ಒಂದರೊಳಗೆ ಒಂದನ್ನು ಸೇರಿಸಿ, ಬೆರಳು ಒದ್ದೆ ಮಾಡಿ, ಮೊದಲು ಯಾವ ಕಡೆಗೆ ಹುರಿ ಇತ್ತೋ ಅದೇ ಕಡೆಗೆ ಹೊಸೆದು ತೋರಿಸಿದನಂತೆ. ಎಲ್ಲಿ ಕೂಡಿತು ಅಂತ ಹುಡುಕಿದರೂ ಸಿಗಲಿಲ್ಲವಂತೆ. ನಾರು ಸುಲಿದ ಒರಟು ಬೆರಳಿಗೇ ಆ ಕೆಲಸ ಒಲಿಯುವುದು. ನಯವಾದ ಬೆರಳಿಂದ ಹುರಿ ಜಾರಿಹೋಗುತ್ತದೆ.

ಹೀಗೆ ಕೈಯಿಂದ ಏನನ್ನೂ ಖರ್ಚು ಮಾಡದೆ ಸೂಜಿ, ಅರಿವೆ, ದಾರ ಮೂರೂ ಕೂಡಿಬಂದವಂತೆ. ಮೊದಲಿಗೇ ಒಳ್ಳೆಯ ತುಂಡನ್ನು ಕೆಡಿಸಬಾರದು ಅಂತ ಚಂಪಿ ಹರಿದ ಗೋಣಿಚೀಲದ ಮೇಲೆ ಪುಂಡಿಯ ಎಳೆಯಿಂದ ಕೈ ತಿದ್ದಿಕೊಂಡಳಂತೆ. ತಪ್ಪಿದರೆ ಬಿಚ್ಚುವುದು, ಬಿಚ್ಚಿ ಮತ್ತೆ ಹಾಕುವುದು. ಫಕೀರವ್ವನ ಸೂಜಿ ಮೊಂಡಾದದ್ದೇ ಒಳ್ಳೆಯದಾಯಿತಂತೆ, ಅದು ಎಳೆಯನ್ನು ಸೀಳದೆ ಸಂದಿ ಹುಡುಕಿಕೊಂಡು ತಾನೇ ಇಳಿಯುತ್ತಿತ್ತಂತೆ.

ಕಲಿಯುವುದು ಯಾರಿಂದ ಅಂತ ಕೇಳುತ್ತೀಯಾ? ಕಣ್ಣಿಂದ. ನೀರಿಗೆ ಹೋಗುವಾಗ ಬರುವಾಗ ಕೊಡ ಇಳಿಸಿ, ಜಗಲಿಯ ಕೆಳಗೆ ಬೇವಿನ ನೆರಳಲ್ಲಿ ನಿಂತು ನೋಡುವುದು. ಸೂಜಿ ಮೇಲೆ ಬರುತ್ತದೆ, ನಾಲ್ಕು ಎಳೆ ದಾಟಿ ಕೆಳಗೆ ಇಳಿಯುತ್ತದೆ, ಅಡಿಯಲ್ಲಿ ನಾಲ್ಕು ಎಳೆ ಹೋಗಿ ಮತ್ತೆ ಮೇಲೆ ಬರುತ್ತದೆ, ಹಾಗೆ ಹೋಗುತ್ತದೆ, ಹೋಗುತ್ತಲೇ ಇರುತ್ತದೆ. ಅಷ್ಟು ನೋಡಿಕೊಂಡು ಬಂದು ಮನೆಯಲ್ಲಿ ಹಾಗೇ ಹಾಕುವುದು.

ಇಲ್ಲೇ ನೋಡು ಅವಳು ಎಡವಿದ್ದು. ಆ ಸೀಮೆಯ ಹೆಂಗಸರಲ್ಲಿ ಒಂದು ರೂಢಿ ಇತ್ತಂತೆ. ದಾರ ಮುಂದಕ್ಕೆ ಹೋಗುವುದಕ್ಕೆ ಹೋಗುವ ಹೊಲಿಗೆ ಅನ್ನುತ್ತಿದ್ದರು, ಅದನ್ನು ಜಗಲಿಯ ಮೇಲೆ ಮಾತಾಡುತ್ತಾ ನಗುತ್ತಾ ಹಾಕಬಹುದು. ಆಮೇಲೆ ಅದೇ ದಾರ ಅದೇ ದಾರಿಯಲ್ಲಿ ಹಿಂದಕ್ಕೆ ಬಂದು, ನಡುವೆ ಬಿಟ್ಟ ಸಂದಿಗಳನ್ನೆಲ್ಲ ತುಂಬಬೇಕು, ಅದು ಮರಳುವ ಹೊಲಿಗೆ. ಅದನ್ನು ಮಾತ್ರ ಒಳಮನೆಯಲ್ಲಿ ಕದ ಮುಚ್ಚಿಕೊಂಡು, ತುಟಿ ಬಿಚ್ಚದೆ ಹಾಕಬೇಕು. ಯಾವ ಮನೆಯಲ್ಲಿ ದಾರ ಹೊರಟಿತೋ ಆ ಮನೆಯಲ್ಲೇ ಅದು ಮರಳಬೇಕು, ಬೇರೆ ಮನೆಯಲ್ಲಿ ಮರಳಿಸಿದರೆ ಆ ಮನೆಗೆ ಕೇಡು ಅಂತ ನಂಬಿದ್ದರಂತೆ. ತಾಯಿ ಮಗಳಿಗೆ ಕದದ ಹಿಂದೆ ಹೇಳಿಕೊಡುವ ಮಾತು ಅದು. ಚಂಪಿಗೆ ಹೇಳುವ ತಾಯಿ ಎಲ್ಲಿದ್ದಳು?

ಅಜ್ಜಿ, ರಾಚವ್ವ ಹೇಳಬಹುದಿತ್ತಲ್ಲ ಅನ್ನುತ್ತೀಯಾ. ಹೇಳಬಹುದಿತ್ತು, ಹತ್ತಿರ ಇದ್ದಿದ್ದರೆ. ಅವಳಿಗೆ ತಾಯಿ ಅಷ್ಟು ಕಲಿಸಿದ್ದಳಂತೆ. ಚಂಪಿಗೆ ಕಲಿಸುವ ವಯಸ್ಸು ಬರುವ ಮೊದಲೇ ಅಕ್ಕನನ್ನು ಮದುವೆ ಮಾಡಿ ಹೊಳೆ ದಾಟಿಸಿಬಿಟ್ಟಿದ್ದರು.

ಹಾಗಾದರೆ ಜಗಲಿಯವರ ಗೆರೆ ಮರುದಿನ ತುಂಬಿಕೊಂಡು ಬರುತ್ತಿತ್ತಲ್ಲ, ಅದು ಚಂಪಿಗೆ ಕಾಣಲಿಲ್ಲವೇ? ಕಂಡಿತಂತೆ. ಜಗಲಿಯ ಮೇಲೆ ಒಬ್ಬಳು ಒಂದು ದಿನ, ತೊಳದ ಮ್ಯಾಲೆ ನೋಡ್ರಿ, ನಂದು ಹೆಂಗ ತುಂಬಿ ಕಾಣ್ತದ ಅಂದಿದ್ದಳಂತೆ. ಪುಂಡಿಯ ನಾರು ನೀರು ಕುಡಿದು ಉಬ್ಬುವುದನ್ನು ಹುಟ್ಟಿದಾಗಿನಿಂದ ನೋಡಿದವಳಲ್ಲವೇ ಚಂಪಿ, ಕಸೂತಿಯ ದಾರವೂ ಹಾಗೆ ನೀರಲ್ಲಿ ಉಬ್ಬಿ ಸಂದಿ ಮುಚ್ಚುತ್ತದೆ ಅಂತ ತಿಳಿದುಕೊಂಡಳಂತೆ. ಹಗ್ಗದವನ ಮಗಳಲ್ಲದೆ ಬೇರೆ ಯಾರೂ ಮಾಡದ ತಪ್ಪು ಅದು.

ಆಮೇಲೆ ಕಪ್ಪು ನೀಲಿ ತುಂಡಿನ ನಡುವೆ ಕೆಂಪು ದಾರದಿಂದ ಒಂದು ತೊಟ್ಟಿಲು ಹಾಕಿದಳಂತೆ. ನಾಲ್ಕು ಸರಪಳಿ, ಎರಡು ಗಿಳಿ, ಅಡಿಯಲ್ಲಿ ಹಾಸಿಗೆ. ಎಲ್ಲವೂ ಹೋಗುವ ಹೊಲಿಗೆಯೇ, ಎಲ್ಲವೂ ಸಂದಿ ಸಂದಿ. ಕುಬಸದ ಹಿಂದಿನ ದಿನ ಅದನ್ನು ಗಡಿಗೆಯ ನೀರಲ್ಲಿ ಅದ್ದಿ ಒಣಹಾಕಿದಳಂತೆ, ಸಂದಿ ಮುಚ್ಚಲಿಲ್ಲ. ಹೊಳೆಗೆ ಒಯ್ದು ತೊಳೆದಳಂತೆ, ಮುಚ್ಚಲಿಲ್ಲ. ಕಡೆಗೆ ಪುಂಡಿ ಕೊಳೆಹಾಕುವ ಹೊಂಡದಲ್ಲಿ ಮುಳುಗಿಸಿದಳಂತೆ, ಆಗಲೂ ಮುಚ್ಚಲಿಲ್ಲ, ನಾತ ಮಾತ್ರ ಹತ್ತಿತಂತೆ. ಅದನ್ನು ಬಿಡಿಸಲು ಮತ್ತೆ ಹೊಳೆಗೆ ಓಡಬೇಕಾಯಿತಂತೆ. ಆಗ ಅವಳಿಗೆ ಅಳು ಬಂತಂತೆ. ಅಪ್ಪಾ, ಎಲ್ಲೋ ತಪ್ಪೀನಿ, ಎಲ್ಲಿ ಅಂತ ತಿಳೀವಲ್ದು, ನನ್ನಿಂದಾಗಿ ಅಕ್ಕ ಅಲ್ಲೇ ಉಳೀತಾಳ ಅಂದಳಂತೆ. ಬೆಳಗಾದ ಮೇಲೆ ಮಲಕಪ್ಪ ತುಂಡನ್ನು ಮಡಚಿ ತನ್ನ ರುಮಾಲಿನಲ್ಲಿ ಕಟ್ಟಿಕೊಂಡು, ಇದ್ದದ್ದನ್ನ ಇದ್ದಂಗ ಒಯ್ಯೋಣು, ಏಳು, ದೋಣಿ ತಪ್ಪತದ ಅಂದನಂತೆ.

ದೊಡ್ಡ ಮನೆಯ ಪಡಸಾಲೆಯಲ್ಲಿ ಹೆಂಗಸರು ತುಂಬಿದ್ದರಂತೆ. ನಡುವೆ ರಾಚವ್ವ, ಹಸಿರು ಬಳೆ ತೊಟ್ಟು, ಕಣ್ಣ ಸುತ್ತ ಕಪ್ಪಾಗಿ ಕೂತಿದ್ದಳಂತೆ. ತಂಗಿಯನ್ನು ಕಂಡು ಅವಳ ಮುಖ ಹೇಗೆ ಬೆಳಗಿತು ಅಂದರೆ, ಚಂಪಿಗೆ ಅದನ್ನು ನೋಡಲು ಆಗಲಿಲ್ಲವಂತೆ. ಮೊದಲು ಉಡಿ ತುಂಬುವುದು. ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿ, ಮೇಲೆ ಮಡಚಿದ ಕುಬಸದ ತುಂಡನ್ನು ಇಟ್ಟರಂತೆ. ಉಡಿಗೆ ಬಿದ್ದ ಕುಬಸ ಹೆರಿಗೆಯಾಗುವವರೆಗೆ ಬಸುರಿಯನ್ನು ಬಿಟ್ಟು ಹೊಸಿಲು ದಾಟಬಾರದು, ಇದು ಆ ಸೀಮೆಗೆಲ್ಲ ಗೊತ್ತಿದ್ದ ನೇಮ.

ಆಮೇಲೆ ಅತ್ತೆ ಬಾಳವ್ವ, ದೊಡ್ಡ ಮನೆಯ ಯಜಮಾನಿ, ಎಲ್ಲರೂ ನೋಡಲಿ ಅಂತ ರಾಚವ್ವನ ಉಡಿಯಲ್ಲೇ ತುಂಡನ್ನು ಬಿಚ್ಚಿದಳಂತೆ. ಹಿಂದಿನಿಂದ ಯಾರೋ, ಏನ ಇದು, ಇಲಿ ಕಡದಾವೇನ ಅಂದರಂತೆ. ಇನ್ನೊಬ್ಬಳು, ಈ ತೊಟ್ಟಲದಾಗ ಕೂಸು ಮಲಗಿಸಿದ್ರ ಸಂದ್ಯಾಗಿಂದ ಕೆಳಗ ಬೀಳ್ತದ ನೋಡ್ರಿ ಅಂದಳಂತೆ, ಎಲ್ಲರೂ ಬಿದ್ದು ಬಿದ್ದು ನಕ್ಕರಂತೆ. ಮಲಕಪ್ಪ ಹೊರಗೆ ಕಟ್ಟೆಯ ಮೇಲೆ ಕೂತಿದ್ದವನು ತಲೆ ತಗ್ಗಿಸಿದನಂತೆ.

ಬಾಳವ್ವ ನಗಲಿಲ್ಲ. ಅರ್ಧ ಹೊಲದು ತಂದೀರಿ, ಮರಳಿಸೇ ಇಲ್ಲಲ್ಲ ಅಂದಳಂತೆ.

ಚಂಪಿ ತಲೆಯೆತ್ತಿ, ಮರಳಿಸೋದು ಅಂದ್ರ ಏನ್ರೀ ಅತ್ತಿ ಅಂದಳಂತೆ.

ಅಷ್ಟು ಜನರ ನಡುವೆ ಯಾರೂ ಯಾರನ್ನೂ ಎಂದೂ ಕೇಳಿರದ ಮಾತು ಅದು. ಬಾಳವ್ವನಿಗೆ ಸಿಟ್ಟು ಬಂದಿತು, ಹಿರಿತನವೂ ಬಂದಿತು. ಇಷ್ಟು ದೊಡ್ಡಾಕಿ ಆಗಿ ಇದೂ ಗೊತ್ತಿಲ್ಲೇನು, ಕೇಳಿಲ್ಲಿ, ಹೋದ ದಾರ ಹೋದ ದಾರಿಲೇ ತಿರುಗಿ ಬಂದು ಸಂದಿ ತುಂಬಬೇಕು, ಅದೂ ಹೊರಟ ಮನ್ಯಾಗೇ ಮರಳಬೇಕು, ಬ್ಯಾರೇ ಮನ್ಯಾಗ ಮರಳಿಸಿದ್ರ ಆ ಮನಿಗೆ ಕೇಡು ಅಂತ ಎಲ್ಲರೆದುರಿಗೂ ಬಿಡಿಸಿ ಬಿಡಿಸಿ ಹೇಳಿದಳಂತೆ. ಚಂಪಿ ಒಂದೊಂದು ಮಾತನ್ನೂ ನುಂಗುವ ಹಾಗೆ ಕೇಳಿ, ಅಯ್ಯ, ಇಷ್ಟೇ ಏನ್ರೀ, ನಾ ಮೂರು ಸಲ ತೊಳದೆ ಅಂದಳಂತೆ. ಮತ್ತೆ ನಕ್ಕರು, ಆದರೆ ಈ ಸಲದ ನಗುವಿನಲ್ಲಿ ಮುಳ್ಳು ಇರಲಿಲ್ಲವಂತೆ. ಕೊಡ್ರಿ ಅತ್ತಿ, ಮನಿಗೆ ಒಯ್ದು ನಾಳಿಗೇ ಮರಳಿಸಿ ತರ್ತೀನಿ ಅಂತ ಚಂಪಿ ಕೈ ಚಾಚಿದಳಂತೆ.

ಆಗ ರಾಚವ್ವ, ಅಷ್ಟೊತ್ತು ಬಾಯಿ ಬಿಡದ ರಾಚವ್ವ, ತುಂಡಿನ ಮೇಲೆ ಎರಡೂ ಕೈ ಇಟ್ಟಳಂತೆ. ಉಡಿಗೆ ಬಿದ್ದದ್ದು ಚಂಪಿ, ನನ್ನ ಬಿಟ್ಟು ಹೊಸಿಲು ದಾಟಂಗಿಲ್ಲ ಅಂದಳಂತೆ. ಕಣ್ಣು ಎತ್ತದೆ, ಧ್ವನಿ ಏರಿಸದೆ, ಅತ್ತೀ, ಈ ದಾರ ನಮ್ಮಪ್ಪನ ಮನ್ಯಾಗ ಹೊರಟದ, ಇಲ್ಲೆ ಮರಳಿಸಿದ್ರ ನಿಮ್ಮ ಮನಿಗೆ ಕೇಡು ಅಂತ ನೀವೇ ಹೇಳಿದ್ರಿ. ಇದು ನನ್ನ ಬಿಟ್ಟು ಹೋಗಂಗಿಲ್ಲ, ನಾ ಇದನ್ನ ಬಿಟ್ಟು ಇರಂಗಿಲ್ಲ. ಹೆಂಗ ಮಾಡೋಣು, ನೀವೇ ಹೇಳ್ರಿ ಅಂದಳಂತೆ.

 ಬಾಳವ್ವ ತುಂಡಿನ ಅಂಚನ್ನು ತಿರುವಿ ಹಿಂಬದಿ ನೋಡಿದಳಂತೆ, ಗಂಟು ಇದ್ದರೆ ಹೊಲಿಗೆಯೇ ಅಲ್ಲ ಅಂತ ತಳ್ಳಿಹಾಕಬಹುದಿತ್ತು. ಬೆರಳಾಡಿಸಿದಳಂತೆ, ಗಂಟು ಸಿಗಲಿಲ್ಲ. ಹಳೇ ಎಳಿ ಅದಾವು, ಎಲ್ಲಿ ಕೂಡಿಸೀ ಅಂತ ಕೇಳಿದಳಂತೆ. ನಮ್ಮವ್ವನ ಸೀರಿ ಎಳಿರೀ, ನಮ್ಮಪ್ಪ ಹಗ್ಗ ಕೂಡಿಸಿದಂಗ ಕೂಡಿಸೀನಿ ಅಂದಳಂತೆ ಚಂಪಿ. ಆಗ ಗೋಡೆಯ ಪಕ್ಕದಲ್ಲಿ ನಿಂತಿದ್ದ ಹಿರಿಯ ಸೊಸೆ, ಕೂಸು ಕಳೆದುಕೊಂಡವಳು, ಕಳಿಸಿಬಿಡ್ರಿ ಅತ್ತಿ ಅಂದಳಂತೆ. ಅವಳು ಅತ್ತೆಯ ಮುಂದೆ ಮಾತಾಡಿದ್ದು ಅದೇ ಮೊದಲು. ಬಾಳವ್ವ ಅವಳನ್ನು ನೋಡಿದಳು, ಬೀಸುವ ಕಲ್ಲು ಇದ್ದ ಕೋಣೆಯ ಕಡೆ ನೋಡಿದಳು, ಆಮೇಲೆ ತುಂಡನ್ನು ತಾನೇ ಮಡಚಿ ರಾಚವ್ವನ ಉಡಿಯಲ್ಲಿಟ್ಟು, ದೋಣಿಯೊಳಗ ನಡುವ ಕೂಡ್ರಿಸ್ರಿ, ಅಂಚಿಗೆ ಬ್ಯಾಡ ಅಂದಳಂತೆ.

ಹೀಗೆ ರಾಚವ್ವ ಹೊಳೆ ದಾಟಿ ಬಂದಳಂತೆ. ಆಮೇಲೆ ಒಳಮನೆಯಲ್ಲಿ ಕೂತು, ತಂಗಿ ಹೋಗಿ ಬಿಟ್ಟುಬಂದ ಒಂದೊಂದು ಸಂದಿಯನ್ನೂ ಅಕ್ಕ ತುಂಬುತ್ತಾ ಮರಳಿದಳಂತೆ. ಮಾತಾಡಬಾರದು ಅಂತ ರೂಢಿ ಇದ್ದರೂ ಇಬ್ಬರೂ ಮಾತಾಡಿದರಂತೆ, ಎಷ್ಟೋ ದಿನದ ಮಾತು ಇತ್ತು. ದಾರವೇನೂ ದಾರಿ ತಪ್ಪಲಿಲ್ಲವಂತೆ. ಕಡೆಯ ಸಂದಿ ತುಂಬಿ ಕೆಲವು ದಿನಕ್ಕೆ ಹೆಣ್ಣು ಕೂಸು ಹುಟ್ಟಿತು, ಮಲಕಪ್ಪ ಹೊಸ ಹಗ್ಗ ಹೊಸೆದು ತೊಟ್ಟಿಲು ಕಟ್ಟಿದನಂತೆ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರಂತೆ.

ಆಮೇಲೆ ಚಂಪಿ ಮೊದಲು ಮಾಡಿದ ಕೆಲಸ, ಮಾಚಣ್ಣನಿಗೆ ಕುಬಸದ ತೊಟ್ಟಿಲನ್ನು ತೋರಿಸಿ ಕಾಲಿಗೆ ಬಿದ್ದದ್ದು. ಅವನು, ನನ್ನ ಮಗ್ಗದ ಕಸಾನೇನ ಇದು ಅಂತ ಎರಡು ಸಲ ಕೇಳಿದನಂತೆ. ಆಮೇಲೆ ಫಕೀರವ್ವನಿಗೆ ಸೂಜಿ ಮರಳಿ ಕೊಡಲು ಹೋದಳಂತೆ. ಯವ್ವಾ, ನೀ ಈ ಸೂಜಿ ಕೊಡದಿದ್ರ ನನ್ನ ಅಕ್ಕ ಬರತಿದ್ದಿಲ್ಲ ಅಂದಳಂತೆ. ಫಕೀರವ್ವ ಸೂಜಿಯನ್ನು ತೆಗೆದುಕೊಂಡು, ಕಣ್ಣಿಗೆ ಒತ್ತಿಕೊಂಡು, ನಿನ್ನ ಕಡ ತೀರತು, ಈಗ ಇದನ್ನ ನಾ ನಿನಗ ಕೊಡ್ತೀನಿ, ಮುಂದ ಯಾರರ ಕೇಳಿದ್ರ ಇಲ್ಲ ಅನಬ್ಯಾಡ ಅಂದಳಂತೆ.

ಮರುದಿನ ಮಧ್ಯಾಹ್ನ ಚಂಪಿ ದೊಡ್ಡ ಜಗಲಿಗೆ ಹೋದಳಂತೆ. ಮೇಲೆ ಹತ್ತಲಿಲ್ಲ. ಎಲ್ಲಕ್ಕೂ ಕೆಳಗಿನ ಮೆಟ್ಟಿಲಿನ ಮೇಲೆ, ಬೀದಿಗೆ ಮುಖ ಮಾಡಿ ಕೂತು, ಗೋಣಿಚೀಲದ ತುಂಡು ಬಿಚ್ಚಿ, ಹಗಲು ಬೆಳಕಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ ಮರಳುವ ಹೊಲಿಗೆ ಹಾಕತೊಡಗಿದಳಂತೆ. ಜಗಲಿಯ ಮೂವರೂ, ಅಯ್ಯಯ್ಯ, ಒಳಗ ಮಾಡೋದನ್ನ ಬೀದ್ಯಾಗ ಮಾಡ್ತೀಯಲ್ಲ ಅಂದರಂತೆ. ಚಂಪಿ ಸೂಜಿ ನಿಲ್ಲಿಸದೆ, ನಾನು ಕೆಳಗ ನಿಂತು ನೋಡಿದಾಗ ಇದೊಂದು ಕಾಣಲಿಲ್ಲರಿ, ಇನ್ನ ಮುಂದ ಕೆಳಗ ನಿಂತವರಿಗೂ ಕಾಣಲಿ ಅಂದಳಂತೆ. ಕೊಡ ಹೊತ್ತ ಇಬ್ಬರು ಹುಡುಗಿಯರು ಬೇವಿನ ನೆರಳಲ್ಲಿ ನಿಂತರಂತೆ. ಚಂಪಿ ಸರಿದು ಜಾಗ ಕೊಟ್ಟಳಂತೆ.

ಆ ಹೊಳೆಯ ದಂಡೆಯ ಊರುಗಳಲ್ಲಿ ಅಂದಿನಿಂದ ತವರಿನವರು ಕುಬಸವನ್ನು ಅರ್ಧವೇ ಹೊಲಿದು ಒಯ್ಯುತ್ತಾರಂತೆ, ಬಸುರಿ ಮಗಳು ಮನೆಗೆ ಬಂದು ಉಳಿದರ್ಧವನ್ನು ಹೊಲಿಯುತ್ತಾಳಂತೆ. ಅರ್ಧ ಹೊಲಿದು ತಂದಿರಿ ಅಂತ ಈಗ ಯಾರೂ ನಗುವುದಿಲ್ಲವಂತೆ.

ನಿದ್ದೆ ಬಂತೇ? ಹೂಂ ಅನ್ನುವುದನ್ನೂ ಬಿಟ್ಟೆಯಲ್ಲ. ಇರಲಿ. ನಿನ್ನ ದಿಂಬಿನ ಅರಿವೆಯ ಗೆರೆ ಕೆಟ್ಟಿಲ್ಲ, ಕೂಸೇ, ಅದು ಇನ್ನೂ ಹೋಗುತ್ತಿದೆ ಅಷ್ಟೇ. ಬೆಳಿಗ್ಗೆ ಬಾಗಿಲು ತೆಗೆದಿಟ್ಟುಕೊಂಡು, ಬೆಳಕಿನಲ್ಲಿ ಕೂತು, ನಾವಿಬ್ಬರೂ ಅದನ್ನು ಮರಳಿಸೋಣ. ಹೊರಟ ಮನೆಗೆ ದಾರ ಬಂತು, ದಾರದ ಹಿಂದೆ ಮಗಳು ಬಂದಳು, ನನ್ನ ಕತೆಯೂ ಇಲ್ಲಿಗೆ ಬಂದು ಮುಗೀತು.